ದೇಣಿಗೆಗೆ ಬಂದ ಹುಂಜ

ಮಾತಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿದ್ದೆ. ಮನೆಯಲ್ಲಿ ಇದನ್ನು ಯಾರೂ ಅಲ್ಲಗಳೆದಿರಲಿಲ್ಲ. ಹಾಗಾಗಿ ನಮ್ಮ ರಾಜಗೋಪಾಲನಗರದ ಸಮುದಾಯ ಬಾನುಲಿಯವರು, ರಾತ್ರಿ ಹನ್ನೊಂದರಿಂದ ಬೆಳಗಿನ ಜಾವದವರೆಗೆ ಕೇಳುಗರ ಜೊತೆ ಹರಟಲು ಒಬ್ಬರು ಬೇಕು, ಸಂಬಳವಿಲ್ಲ ಎಂದು ಬೇಕರಿಯ ಗೋಡೆಗೆ ಚೀಟಿ ಅಂಟಿಸಿದಾಗ, ಅದು ನನ್ನನ್ನೇ ಉದ್ದೇಶಿಸಿ ಬರೆದದ್ದು ಎಂದುಕೊಂಡೆ. ಸಂಬಳವಿಲ್ಲದೆ ಮಾತಾಡುವ ಅಭ್ಯಾಸ ನನಗೆ ಮದುವೆಯಾದಾಗಿನಿಂದ ಇತ್ತು.

ನಮ್ಮವರು ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡುವ ಮ್ಯಾನೇಜರು. ಯಾವುದನ್ನೂ ಒಂದೇ ಸಲಕ್ಕೆ ಪಾಸು ಮಾಡಿದವರಲ್ಲ. ಇದನ್ನು ಮಾತ್ರ ತಕ್ಷಣ ಪಾಸು ಮಾಡಿದರು. "ವಾರಕ್ಕ ಆರ ರಾತ್ರಿ ಅಷ್ಟೇನು?" ಎಂದು ಕೇಳಿದಾಗ ಅವರ ದನಿಯಲ್ಲಿ ಸ್ವಲ್ಪ ನಿರಾಸೆಯಿದ್ದಂತೆ ನನಗೆ ಕೇಳಿಸಿತು.

ಬಾನುಲಿ ಕೇಂದ್ರವೆಂದರೆ ಬೇಕರಿಯ ಮೇಲಿನ ಒಂದು ಕೋಣೆ. ಅದು ನಡೆಯುವುದು ಕೇಳುಗರು ಕೊಟ್ಟ ದೇಣಿಗೆಯಿಂದ. ನೋಡಿಕೊಳ್ಳುವವನು ಮಂಜುನಾಥ ಎಂಬ ಹುಡುಗ. ಹುಡುಗ ಎಂದರೆ ನಲವತ್ತರ ಹತ್ತಿರದವನು, ಆದರೆ ಕುತ್ತಿಗೆಗೆ ಸದಾ ಹೆಡ್‌ಫೋನು ಇರುವುದರಿಂದ ಹಾಗನ್ನಿಸುತ್ತದೆ. ರಾತ್ರಿ ನನಗೆ ಫೋನು ಮಾಡುತ್ತಿದ್ದವರು ಶಿಫ್ಟಿನಲ್ಲಿದ್ದವರು, ಗೇಟು ಕಾಯುವವರು, ಹಸುಗೂಸು ಮಲಗಿಸುತ್ತ ತಾವೇ ಎಚ್ಚರವಾದ ತಾಯಂದಿರು. ನಾದಿನಿಯ ಕಾಟ, ಬಾಡಿಗೆ ಮನೆಯ ಸೋರುವ ಸೂರು, ಉಪ್ಪಿಟ್ಟಿಗೆ ಟೊಮ್ಯಾಟೊ ಹಾಕಬಹುದೇ ಇಲ್ಲವೇ, ಎಲ್ಲ ವಿಷಯದಲ್ಲೂ ನಾನು ಅಧಿಕೃತವಾಗಿ ಅಭಿಪ್ರಾಯ ಕೊಡುತ್ತಿದ್ದೆ.

ಹೀಗಿರುವಾಗ ಪ್ರಸಾರದ ಯಂತ್ರ ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಒಳ್ಳೆಯದಿತ್ತು. ಅದು ನಾನು ಮಾತಾಡುವಾಗ ನಡುನಡುವೆ ನಿಂತು, ಮತ್ತೆ ಶುರುವಾಗುತ್ತಿತ್ತು. ಅದರೊಳಗಿನ ಒಂದು ಭಾಗ ಬದಲಾಯಿಸಬೇಕು, ಅದು ಬಹಳ ದುಬಾರಿ, ಆಗದಿದ್ದರೆ ಮೊದಲು ನಿಲ್ಲಿಸುವುದು ರಾತ್ರಿ ಕಾರ್ಯಕ್ರಮವನ್ನೇ ಎಂದು ಮಂಜುನಾಥ ಹೇಳಿದ. ಅವನು ಕೇಳುಗರಿಗೆ ಓದಲು ಒಂದು ಮನವಿ ಬರೆದುಕೊಟ್ಟ.

"ಇಷ್ಟೇ ಓದಿ ಮೇಡಂ. ಕೈ ಮುಗಿತೀನಿ, ಒಂದಕ್ಷರ ಸೇರಿಸ್ಬೇಡಿ" ಎಂದ.

ಓದಿದೆ. ಸಪ್ಪಗಿತ್ತು. ಬ್ಯಾಂಕಿನವರ ನೋಟಿಸಿನ ಹಾಗಿತ್ತು. ಇದಕ್ಕೆ ಯಾರ ಮನಸ್ಸು ಕರಗೀತು ಅನ್ನಿಸಿ, ಜನಹಿತದ ದೃಷ್ಟಿಯಿಂದ ನನ್ನದೂ ನಾಲ್ಕು ಮಾತು ಸೇರಿಸಿದೆ. ದುಡ್ಡೇ ಆಗಬೇಕೆಂದಿಲ್ಲ, ನಿಮ್ಮ ಹತ್ತಿರ ಏನಿದೆಯೋ ಅದನ್ನೇ ಕೊಡಿ, ಮಾರಿ ದುಡ್ಡು ಮಾಡುವುದು ನಮಗಿರಲಿ ಎಂದೆ. ಬೆಳಿಗ್ಗೆ ಕೇಂದ್ರದ ಬಾಗಿಲು ತೆಗೆಯುವಾಗ ತಡವಾಗುತ್ತದೆ, ಶಿಫ್ಟು ಮುಗಿಸಿ ಹೋಗುವವರಿಗೆ ತೊಂದರೆ, ಆದ್ದರಿಂದ ಸೀದಾ ನಮ್ಮ ಮನೆಗೇ ತನ್ನಿ, ನೀರಿನ ಟ್ಯಾಂಕಿನ ಹಿಂದಿನ ಹಳದಿ ಅಪಾರ್ಟ್‌ಮೆಂಟು, ಕೆಳಗಿನ ಮನೆ ಎಂದೂ ಹೇಳಿದೆ. ಹೇಳುವಾಗ ನನಗೇ ಕಣ್ಣು ಒದ್ದೆಯಾಯಿತು. ಆ ಹೊತ್ತಿನಲ್ಲಿ ಯಂತ್ರ ಒಂದು ಸಲವೂ ನಿಲ್ಲಲಿಲ್ಲ.

ಬೆಳಿಗ್ಗೆ ಮನೆಗೆ ಬಂದು ದಿಂಬಿಗೆ ತಲೆಯಿಟ್ಟಿದ್ದೆ, ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಒಬ್ಬ ಕಾರ್ಮಿಕ ಒಂದು ಚೀಲ ಇಳಿಸಿ, ಬೆವರು ಒರೆಸಿಕೊಂಡು, ಸೇವೆ ಸಲ್ಲಿಸಿದ ಸಂತೃಪ್ತಿಯಿಂದ ಹೋದ. ಚೀಲದ ತುಂಬ ನಟ್ಟು ಬೋಲ್ಟು. ನಮ್ಮವರು ಎದ್ದು ಬಂದು, ಒಂದು ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿ, ಥ್ರೆಡ್ಡು ಸರಿಯಾಗಿಲ್ಲ, ಇದು ರಿಜೆಕ್ಟ್ ಮಾಲು ಎಂದು ತೀರ್ಪು ಕೊಟ್ಟರು. ಆಮೇಲೆ ಒಬ್ಬ ಗೇಟ್ ಕಾಯುವವನು ಯಾರೋ ಮರೆತುಹೋದ ಕೊಡೆಗಳನ್ನು ತಂದ. ಒಬ್ಬ ಹೆಂಗಸು ಮೂರು ಕಾಲಿನ ಊಟದ ಮೇಜು ತಂದು, ನಾಲ್ಕನೆಯ ಕಾಲು ಮನೆಯಲ್ಲಿ ಹುಡುಕುತ್ತಿದ್ದೇವೆ ಎಂದಳು. ನಾನು ಎಲ್ಲರಿಗೂ ಬಾನುಲಿಯ ಪರವಾಗಿ ಕೃತಜ್ಞತೆ ಸಲ್ಲಿಸಿದೆ.

ಕೊನೆಗೆ ಬಂದವರು ಮುನಿರಾಜಣ್ಣ. ಇಲ್ಲಿಯ ಮೂಲ ಊರಿನವರು. ಅವರ ಅಪ್ಪ ರಾಗಿ ಬೆಳೆದ ಜಾಗದಲ್ಲಿ ಇವರು ಬಾಡಿಗೆ ಕೋಣೆಗಳನ್ನು ಬೆಳೆದಿದ್ದಾರೆ. ಕಂಕುಳಲ್ಲಿ ಒಂದು ಬುಟ್ಟಿ. ಬುಟ್ಟಿಯೊಳಗಿಂದ ಕೆಂಪು ಜುಟ್ಟೊಂದು ನನ್ನನ್ನೇ ನೋಡುತ್ತಿತ್ತು.

"ದಿನಾ ಮೂರು ಗಂಟೆಗೆ ಎದ್ದು ನಿಮ್ ಮಾತು ಕೇಳ್ತೀನಿ ಮೇಡಂ. ನಾಟಿ ಉಂಜ, ಮನೇಲೇ ಸಾಕಿದ್ದು. ಬೇಕಾದ್ರೆ ಮಾರ್ಕೊಳಿ, ಇಲ್ಲಾ ಸಾರು ಮಾಡ್ಕೊಂಡು ಉಣ್ಣಿ" ಎಂದರು.

ನಾವು ರಾಣೆಬೆನ್ನೂರು ಕಡೆಯ ಲಿಂಗಾಯತರು. ನಮ್ಮ ಮನೆಯೊಳಗೆ ಮೊಟ್ಟೆ ಹಾಕಿದ ಕೇಕು ಕೂಡ ಬಂದದ್ದಿಲ್ಲ. ಆದರೆ ದಿನವೂ ಮೂರು ಗಂಟೆಗೆ ಎದ್ದು ನನ್ನ ಮಾತು ಕೇಳುವ ಒಬ್ಬ ಮನುಷ್ಯ ಭೂಮಿಯ ಮೇಲೆ ಸಿಕ್ಕಿದ್ದಾನೆ! ಅವನ ಕೈಯಿಂದ ಬುಟ್ಟಿ ತೆಗೆದುಕೊಳ್ಳದೆ ಇರುವುದು ಹೇಗೆ? ತೆಗೆದುಕೊಂಡೆ. ಬಾಗಿಲು ಹಾಕಿ ತಿರುಗುವಷ್ಟರಲ್ಲಿ ಬುಟ್ಟಿ ಖಾಲಿಯಾಗಿತ್ತು.

ನಮ್ಮವರು ಸ್ನಾನ ಮುಗಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದರು. ಪೂಜೆಯ ನಡುವೆ ಅವರು ಮಾತಾಡುವವರಲ್ಲ. ಹುಂಜ ನೆಟ್ಟಗೆ ದೇವರ ಕೋಣೆಗೆ ನಡೆದು, ಎದುರಿಗೆ ನಿಂತು, ನೈವೇದ್ಯದ ಒಣದ್ರಾಕ್ಷಿಯನ್ನು ಒಂದೊಂದಾಗಿ ಸ್ವೀಕರಿಸಿತು. ನಮ್ಮವರು ಬಾಯಿ ಬಿಡಲಿಲ್ಲ. ಹೇಳಬೇಕಾದದ್ದನ್ನೆಲ್ಲ ಕಣ್ಣಿನಲ್ಲೇ ಹೇಳಿದರು. ಅದರಲ್ಲಿ ನಮ್ಮ ತವರುಮನೆಯ ಪ್ರಸ್ತಾಪವೂ ಇತ್ತು. ಪೂಜೆ ಮುಗಿಸಿ ಹೊರಗೆ ಬಂದು ಕೇಳಿದರು.

"ಗಿರಿಜಾ, ಯಾರಿದು?"

"ನಮ್ಮ ಕೇಳುಗರು ಕೊಟ್ಟದ್ದುರಿ."

"ಕೇಳಿದವ್ರು ಇಂಥಾದ್ದು ಕೊಡ್ತಾರಂದ್ರ, ನೀ ಅಲ್ಲಿ ಮಾತಾಡೋದರ ಏನು?"

ಆ ರಾತ್ರಿ ನಾನು ಬಾನುಲಿಯಲ್ಲಿ ಹುಂಜವನ್ನು ಹರಾಜಿಗಿಟ್ಟೆ. ಕೋಳಿಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲವಾದ್ದರಿಂದ, ಗಂಡು ನೋಡಲು ಬಂದವರಿಗೆ ಹೇಳುವ ಹಾಗೆ, ಒಳ್ಳೆಯ ಬಣ್ಣ, ಗಂಭೀರ ಸ್ವಭಾವ, ದುರಭ್ಯಾಸವಿಲ್ಲ ಎಂದು ಬಣ್ಣಿಸಿದೆ. ನಾಲ್ಕೈದು ಜನ ಫೋನಿನಲ್ಲಿ ಕೂಗಿದರು. ಬೆಲೆ ಏರುತ್ತಿತ್ತು. ಅಷ್ಟರಲ್ಲಿ ಮುನಿರಾಜಣ್ಣನ ಫೋನು ಬಂತು. ತಮ್ಮ ಹುಂಜವನ್ನು ಊರೆಲ್ಲ ಕೇಳುವಂತೆ ಕೂಗಿ ಮಾರುತ್ತಿರುವುದು ಅವರಿಗೆ ಬಹಳ ಬೇಸರ ತಂದಿತ್ತು. ಮಾರಿಕೊಳ್ಳಿ ಎಂದಿದ್ದು ಸಂತೆಯಲ್ಲಿ ಮಾರುವ ಹಾಗೆ, ಹೀಗೆ ಹೆಸರು ಹಿಡಿದು ಮಾನ ಕಳೆಯಲು ಅಲ್ಲವಂತೆ. ಅವರ ಪರವಾಗಿ ಒಬ್ಬರು, ನನ್ನ ಪರವಾಗಿ ಒಬ್ಬರು ಫೋನು ಮಾಡಿ, ಜಗಳ ಆಚೆ ಬೀದಿಯ ಚರಂಡಿಯ ವಿಷಯಕ್ಕೆ ತಿರುಗಿತು. ನನಗೆ ಗಾಬರಿಯಾಯಿತು. ಇರುವ ಒಬ್ಬ ಅಭಿಮಾನಿಯನ್ನು ಕಳೆದುಕೊಳ್ಳಲಾರದೆ, ಹರಾಜು ರದ್ದು, ಹುಂಜ ನಮ್ಮ ಮನೆಯಲ್ಲೇ ಇರುತ್ತದೆ, ಅದನ್ನು ಮಗನ ಹಾಗೆ ಸಾಕುತ್ತೇವೆ ಎಂದು ಘೋಷಿಸಿಬಿಟ್ಟೆ. ಮುನಿರಾಜಣ್ಣ ಸಮಾಧಾನಗೊಂಡು ಫೋನಿಟ್ಟರು.

ನನ್ನ ಕಾರ್ಯಕ್ರಮವನ್ನು ಎಂದೂ ಕೇಳದ ನಮ್ಮವರು ಅಂದು ಹುಂಜ ಎಷ್ಟಕ್ಕೆ ಹೋಗುತ್ತದೆ ಎಂದು ರೇಡಿಯೋ ಹಾಕಿಕೊಂಡಿದ್ದರಂತೆ. ಬೆಳಿಗ್ಗೆ ಬಾಗಿಲು ತೆಗೆದು, "ಮಗನಿಗೆ ಏನ ಹೆಸರ ಇಡೋಣು?" ಎಂದು ಕೇಳಿದರು.

ಹುಂಜ ಬಾಲ್ಕನಿಯಲ್ಲಿ ಸಂಸಾರ ಹೂಡಿತು. ಗಂಭೀರ ಸ್ವಭಾವ ಎಂದು ನಾನು ಹೇಳಿದ್ದು ಸುಳ್ಳಾಯಿತು. ಹುಂಜ ಸೂರ್ಯನನ್ನು ನೋಡಿ ಕೂಗುತ್ತದೆ ಎಂದು ನಾವು ಶಾಲೆಯಲ್ಲಿ ಕಲಿತಿದ್ದೆವು. ಇದಕ್ಕೆ ಸೂರ್ಯನ ಹಂಗಿರಲಿಲ್ಲ. ಮೂರು ಗಂಟೆ ಆಗುವುದೇ ತಡ, ಪೀಣ್ಯದ ಎಲ್ಲ ಸೈರನ್ನುಗಳನ್ನೂ ನುಂಗಿದಂತೆ ಕೂಗಲು ಶುರುಮಾಡಿ, ಹಾಲಿನವನು ಬರುವವರೆಗೆ ನಿಲ್ಲಿಸುತ್ತಿರಲಿಲ್ಲ. ನನ್ನ ರಾತ್ರಿಗಳು ಕೇಂದ್ರದಲ್ಲಿ ಕಳೆಯುತ್ತಿದ್ದುದರಿಂದ ಇದರ ಪೂರ್ಣ ಅನುಭವ ನಮ್ಮವರಿಗೂ ಅಪಾರ್ಟ್‌ಮೆಂಟಿನವರಿಗೂ ದಕ್ಕಿತು. ನಮ್ಮವರು ಕಾರ್ಖಾನೆಯಲ್ಲಿ ತೂಕಡಿಸುತ್ತ ಇಡೀ ಒಂದು ಶಿಫ್ಟಿನ ಮಾಲನ್ನು ಪಾಸು ಮಾಡಿದರಂತೆ. ಅಲ್ಲಿ ಅವರ ಹೆಸರು ಒಂದೇ ದಿನದಲ್ಲಿ ಒಳ್ಳೆಯದಾಯಿತು.

ಒಂದು ರಾತ್ರಿ ಕಾರ್ಯಕ್ರಮಕ್ಕೆ ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಮೂರ್ತಿಯವರ ಫೋನು ಬಂತು. ನಾನು ಸಂತೋಷದಿಂದ, ನಿಮಗೂ ನಿದ್ದೆ ಬಂದಿಲ್ಲವೇ ಎಂದು ಕೇಳಿದೆ.

"ಎಲ್ಲಿಂದ ಬರ್ಬೇಕು ಮೇಡಂ? ನಿಮ್ ಮಗ ಕೂಗ್ತಾ ಇದಾನಲ್ಲ" ಎಂದರು. ಅದು ಇಡೀ ಬಡಾವಣೆಗೆ ಪ್ರಸಾರವಾಯಿತು.

ಮೂರ್ತಿಯವರ ನಂತರ ಎರಡನೆಯ ಮಹಡಿಯವರು, ಅವರ ನಂತರ ಪಕ್ಕದ ಕಟ್ಟಡದವರು. ಎಲ್ಲರೂ ಎದ್ದು ಕೂತು, ಬೇರೆ ಕೆಲಸವಿಲ್ಲದೆ ನನ್ನ ಕಾರ್ಯಕ್ರಮವನ್ನೇ ಕೇಳುತ್ತಿದ್ದರು. ಮರುದಿನ ಸಂಘದವರು ಸಭೆ ಸೇರಿ, ಯಂತ್ರದ ಭಾಗಕ್ಕೆ ಬೇಕಾದ ಹಣವನ್ನು ತಾವೇ ಕೊಡುವುದಾಗಿಯೂ, ಪ್ರತಿಯಾಗಿ ಹುಂಜ ಊರು ಬಿಡಬೇಕೆಂದೂ ನಿರ್ಣಯ ಮಾಡಿದರು. ನಾನು ಕಣ್ಣೀರು ಹಾಕಿ ಕೇಳಿದಾಗ ಬರದ ದುಡ್ಡು ಹುಂಜ ಕೂಗಿದ್ದಕ್ಕೆ ಬಂತು.

ಬುಟ್ಟಿ ಹಿಡಿದು ಮುನಿರಾಜಣ್ಣನ ಮನೆಗೆ ಹೋದೆ. ಅವರು ಬುಟ್ಟಿಯನ್ನು ಕಂಡವರೇ ಎರಡು ಹೆಜ್ಜೆ ಹಿಂದೆ ಸರಿದರು.

"ಅದೊಂದು ಬಿಟ್ಟು ಬೇರೆ ಏನಾದ್ರೂ ಏಳಿ ಮೇಡಂ, ಮಾಡ್ತೀನಿ. ವರ್ಷದಿಂದ ಮೂರು ಗಂಟೆಗೇ ಎಬ್ಬಿಸ್ತಿತ್ತು. ನಿದ್ದೆ ಬರ್ದೆ ಏನ್ಮಾಡೋದು ಅಂತ ರೇಡಿಯೋ ಆಕ್ಕೊಂಡು ಕೂರ್ತಿದ್ದೆ. ಈಗ ಸಕ್ಕತ್ ನಿದ್ದೆ."

ನನ್ನ ಮುಖ ನೋಡಿ, ವಿಚಾರಿಸದಿದ್ದರೆ ಚೆನ್ನಾಗಿರುವುದಿಲ್ಲ ಎಂಬಂತೆ ಕೇಳಿದರು: "ನಿಮ್ ಪ್ರೋಗ್ರಾಂ ಇನ್ನೂ ಬರ್ತಾ ಐತಾ?"

ಬರ್ತಾ ಇದೆ ಎಂದೆ.

ಕೊನೆಗೆ ಅತ್ತಿಬೆಲೆಯಲ್ಲಿರುವ ತಮ್ಮ ತಂಗಿಯ ಮನೆಗೆ ಅದನ್ನು ಕಳಿಸಲು ಅವರು ಒಪ್ಪಿದರು. ಹುಂಜ ಟೆಂಪೋ ಹತ್ತಿತು. ಹಳದಿ ಅಪಾರ್ಟ್‌ಮೆಂಟು ನಿದ್ದೆ ಹೋಯಿತು. ಹೊಸ ಭಾಗ ಬಂದು ಯಂತ್ರ ಎಲ್ಲೂ ತಡವರಿಸದೆ ಓಡತೊಡಗಿತು. ಆ ರಾತ್ರಿ ನನ್ನ ದನಿ ಎಂದಿಲ್ಲದಷ್ಟು ಸ್ವಚ್ಛವಾಗಿ ಹೋಯಿತು. ಫೋನು ಮಾತ್ರ ಬಹಳ ಹೊತ್ತು ರಿಂಗಾಗಲೇ ಇಲ್ಲ.

ಮಂಜುನಾಥ ಫೋನನ್ನು ಎತ್ತಿ, ಸರಿಯಿದೆಯೇ ಎಂದು ಕಿವಿಗಿಟ್ಟು ನೋಡಿ, ಮತ್ತೆ ಇಟ್ಟ. ಹುಂಜ ಎಲ್ಲಿಗೆ ಹೋಯಿತು ಎಂದು ಕೇಳಿದ. ಹೇಳಿದೆ.

"ತಪ್ಪು ಮಾಡಿದ್ರಿ ಮೇಡಂ" ಎಂದು ನಿಟ್ಟುಸಿರು ಬಿಟ್ಟ. "ಇಲ್ಲೇ ಸುತ್ತಮುತ್ತ ಯಾರಿಗಾದ್ರೂ ಕೊಡ್ಬೇಕಿತ್ತು. ಅತ್ತಿಬೆಲೆಗೆ ನಮ್ಮ ಪ್ರಸಾರ ಕೇಳ್ಸಲ್ಲ."