ನನ್ನ ಬಡತನದ ಪಂಚನಾಮೆ

ಶ್ರೀಮಂತನೆಂದು ತೋರಿಸಿಕೊಳ್ಳುವುದು ಸುಲಭ. ಇಸ್ತ್ರಿ ಮಾಡಿದ ಒಂದು ಅಂಗಿ ಸಾಕು. ಬಡವನೆಂದು ನಂಬಿಸುವುದಿದೆಯಲ್ಲ, ಅದಕ್ಕೆ ಇಡೀ ಓಣಿಯ ಸಹಕಾರ ಬೇಕು. ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಗುಮಾಸ್ತ. ಇದನ್ನು ನಿಮಗೆ ಹೇಳುತ್ತಿದ್ದೇನೆಯೇ ಹೊರತು ನಮ್ಮ ಓಣಿಗೆ ಹೇಳಿರಲಿಲ್ಲ. ಅಲ್ಲಿ ನಾನು ಮ್ಯಾನೇಜರ್. ಯಾರೋ ಒಮ್ಮೆ ಹಾಗೆ ಕರೆದರು, ತಿದ್ದುವುದು ಅಸಭ್ಯ ಅನ್ನಿಸಿ ಸುಮ್ಮನಾದೆ.

ಮಗಳು ಸುಜಾತಾಳಿಗೆ ರಾಯಚೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಹಾಸ್ಟೆಲ್ ಸಿಗಲಿಲ್ಲ. ಹೊರಗೆ ಕೋಣೆ ಹಿಡಿದವರಿಗೆ ಸರ್ಕಾರ ಬಾಡಿಗೆಗೆಂದು ನೆರವು ಕೊಡುತ್ತದಂತೆ, ಆದರೆ ಮನೆಯ ಆದಾಯ ಮಿತಿಯೊಳಗಿರಬೇಕು. ಅಪ್ಪನ ಪಗಾರ, ಅವ್ವನ ಗಳಿಕೆ, ಹೊಲದ ಉತ್ಪನ್ನ ಎಲ್ಲ ಕೂಡಿಸುತ್ತಾರೆ. ಕಳೆಯುವ ಪದ್ಧತಿ ಮಾತ್ರ ಇಲ್ಲ. ಸಾಲದ ಕಂತು, ನನ್ನ ಎಲೆ ಅಡಿಕೆ, ಬೀಗರ ಮದುವೆಗಳಿಗೆ ಹಾಕಿದ ಮುಯ್ಯಿ, ಯಾವುದಕ್ಕೂ ಮಾಫಿ ಇಲ್ಲ. ಮೇಲಾಗಿ ಓಣಿಯಲ್ಲಿ ವಿಚಾರಿಸಿ, ನೆರೆಯವರ ಸಾಕ್ಷಿ ಹಾಕಿಸಿ ಪಂಚನಾಮೆ ಮಾಡುತ್ತಾರೆ. ನೆರವು ಸಿಗದಿದ್ದರೆ ಮಗಳು ಓದು ಬಿಟ್ಟು ಮನೆಗೆ ಬರಬೇಕಾಗುತ್ತಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ವಿಚಾರಣೆಯ ದಿನ ಹೆಂಡತಿ ಹಳೇ ಸೀರೆ ಉಟ್ಟಳು. ನಾನು ಹರಿದ ಬನಿಯನ್ ಹಾಕಿಕೊಂಡೆ. ಅದನ್ನು ಹುಡುಕಲು ಕಷ್ಟವೇನೂ ಬೀಳಲಿಲ್ಲ. ಆದರೆ ಅಧಿಕಾರಿ ನೇರ ನಮ್ಮ ಮನೆಗೆ ಬರದೆ, ಎದುರಿನ ಬಳೆ ಅಂಗಡಿಯ ಖಾದರ್ ಚಾಚಾರ ಮುಂದೆ ನಿಂತರು. ಬಾಗಿಲ ಸಂದಿಯಿಂದ ಎಲ್ಲ ಕೇಳಿಸುತ್ತಿತ್ತು.

"ಎದುರು ಮನಿಯವ್ರಿಗೆ ಪಗಾರ ಎಷ್ಟ್ ಬರ್ತದ್ರಿ? ಮನಿ ಸ್ವಂತದ್ದೇನು? ಹೊಲ ಅದ?"

ನಮ್ಮ ಕಡೆ ಗುರುತಿಲ್ಲದವರು ಓಣಿಗೆ ಬಂದು ಇಂಥ ಪ್ರಶ್ನೆ ಕೇಳುವುದು ಹೆಣ್ಣು ನೋಡಲು ಬರುವ ಮುಂಚೆ. ಆಗ ನೆರೆಯವರ ಧರ್ಮ ಒಂದೇ, ಇದ್ದದ್ದಕ್ಕೆ ನಾಲ್ಕು ಸೇರಿಸಿ ಹೇಳುವುದು. ಚಾಚಾ ಧರ್ಮ ತಪ್ಪುವ ಮನುಷ್ಯರಲ್ಲ.

"ಮ್ಯಾನೇಜರ್ ಸಾಹೇಬ್ರು ಅಂದ್ರ ಏನ್ ಅನ್ಕೊಂಡೀರಿ? ಇಡೀ ಗಿರಣಿ ಅವರ ಕೈಯಾಗ ಅದ. ಕಲ್ಲೂರಾಗ ನೀರಾವರಿ ಹೊಲ. ಹುಡುಗಿ ಬಂಗಾರ ರೀ, ಕಣ್ಣು ಮುಚ್ಚಿ ಮಾಡ್ಕೊಳ್ರಿ!"

ಕಲ್ಲೂರಿನ ಹೊಲ ನನ್ನ ಸೋದರಮಾವನದು. ನಾನು ಬನಿಯನ್ನಿನಲ್ಲೇ ರಸ್ತೆಗೆ ಓಡಿ, "ಸುಳ್ಳು ರೀ ಸರ್! ನಾ ಬರೇ ಗುಮಾಸ್ತ ಅದೀನಿ! ಹೊಲ ನಮ್ಮ ಮಾವಂದು!" ಎಂದು ಕೂಗಿದೆ. ಬಳೆ ಇಡಿಸಿಕೊಳ್ಳುತ್ತಿದ್ದ ಹೆಂಗಸರು ಕೈ ಚಾಚಿದಂತೆಯೇ ನನ್ನತ್ತ ತಿರುಗಿದರು. ಚಾಚಾ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದು, "ಸುಮ್ನಿರ್ರಿ ಸಾಹೇಬ್ರ, ನಾ ಸಂಭಾಳಸಾಕತ್ತೀನಿ. ಛಲೋ ಸಂಬಂಧ ಕೈಬಿಟ್ ಹೋಗ್ತದ" ಎಂದು ಪಿಸುಗುಟ್ಟಿದರು.

ಅಧಿಕಾರಿ ನಗು ತಡೆದುಕೊಂಡು ತಾವು ಯಾರೆಂದು ಹೇಳಿದರು. ಆಮೇಲೆ ನನ್ನ ಪಗಾರದ ಚೀಟಿ ಇಸಿದುಕೊಂಡು ನೋಡಿ, ಓಣಿಗೆಲ್ಲ ಕೇಳುವ ಹಾಗೆ, "ತಿಂಗಳಿಗೆ ಇಷ್ಟೇ ಏನ್ರಿ?" ಎಂದರು. ಮಿತಿಗಿಂತ ನಾನು ಎಷ್ಟೋ ಕೆಳಗಿದ್ದೆ. ಚಾಚಾ ಕೂಡ ಇಣುಕಿ ನೋಡಿದರು. ಸಾಕ್ಷಿಗೆ ಸಹಿ ಹಾಕಿದರು.

ಸುಜಾತಾಳ ಬಾಡಿಗೆಗೆ ನೆರವು ಬಂತು. ಚಾಚಾ ನನ್ನನ್ನು ಮ್ಯಾನೇಜರ್ ಎಂದೇ ಈಗಲೂ ಕರೆಯುತ್ತಾರೆ. ಚಹಾದ ಅಂಗಡಿಯಲ್ಲಿ ಮಾತ್ರ ನನ್ನ ಕೈ ಜೇಬಿಗೆ ಹೋಗಲು ಬಿಡುವುದಿಲ್ಲ. "ಇರ್ಲಿ ಬಿಡ್ರಿ, ನಿಮ್ ಪಗಾರ ನಾ ನೋಡೀನಿ" ಎನ್ನುತ್ತಾರೆ. ಮೊದಮೊದಲು ನಾಚಿಕೆಯಿಂದ ಅರ್ಧ ಚಹಾ ಬಿಟ್ಟೇ ಎದ್ದುಬಿಡುತ್ತಿದ್ದೆ. ಈಗ ಜೊತೆಗೆ ಒಂದು ಪ್ಲೇಟ್ ಮಿರ್ಚಿ ಭಜಿಯನ್ನೂ ಹೇಳುತ್ತೇನೆ.