ಕ್ಲೀಟಸ್‌ನ ಮೇಲಿನ ಸ್ವರ

ಚರ್ಚಿನಲ್ಲಿ ಸ್ತೋತ್ರ ಹಾಡುವಾಗ ಕ್ಲೀಟಸ್ ಹಾರ್ಗ್ರೋವ್‌ನ ಗಂಟಲು ಒಡೆದದ್ದೇ ಎಲ್ಲಕ್ಕೂ ಕಾರಣ. ಎಪ್ಪತ್ತೆಂಟರ ಗಂಟಲು ಒಡೆಯುವುದು ಹೊಸದೇನಲ್ಲ. ಆದರೆ ಮುಂದಿನ ಬೆಂಚಿನಲ್ಲಿ ಡಾರ್ಲೀನ್ ಕೂತಿದ್ದಳು. ಊರಿನ ಕುಣಿತದ ಹಾಲ್ ಅವಳದು. ಅಲ್ಲಿ ಭಾನುವಾರ ಮಧ್ಯಾಹ್ನ ಹಾಡುವವನು ಕ್ಲೀಟಸ್. ಇಡೀ ಟೆಕ್ಸಸ್‌ನಲ್ಲಿ ಅವನಿಗೆ ಉಳಿದಿದ್ದ ವೇದಿಕೆ ಅದೊಂದೇ.

"ಸ್ತೋತ್ರಕ್ಕೂ ಗಂಟಲು ಕೈಕೊಡ್ತಲ್ಲ. ಇವತ್ತು ಬಾಯ್ಡ್‌ನನ್ನೂ ಕರೀತೀನಿ," ಅಂದಳು ಡಾರ್ಲೀನ್ ಹೊರಗೆ ಬಂದು. "ಇಬ್ರೂ ಹಾಡಿ. ಜನ ಯಾರನ್ನ ಒಪ್ತಾರೋ, ಇನ್ಮೇಲೆ ಭಾನುವಾರ ಅವರದು."

"ಆ ಹುಡುಗನ್ನ?" ಕ್ಲೀಟಸ್‌ಗೆ ಮೈ ಉರಿಯಿತು. ಬಾಯ್ಡ್‌ಗೆ ಇನ್ನೂ ಎಪ್ಪತ್ತೊಂದು.

ಕ್ಲೀಟಸ್‌ನ ಹೆಸರು ನಿಂತಿದ್ದು ಒಂದೇ ಹಾಡಿನ ಮೇಲೆ: ಬಿಟ್ಟುಹೋದ ಹುಡುಗಿಯ ಹಾಡು. ಅದರ ಕೊನೆಯ ಸಾಲಿನಲ್ಲೊಂದು ಮೇಲಿನ ಸ್ವರ. ಇಪ್ಪತ್ತು ವರ್ಷದಿಂದ ಪ್ರತಿ ವಾರವೂ ಅದು ಒಡೆಯುತ್ತಿತ್ತು. ಪ್ರತಿ ವಾರವೂ ಅವನು ನಾಚಿಕೆಯಿಂದ ಟೋಪಿ ಮುಂದಕ್ಕೆಳೆದು ತಲೆ ತಗ್ಗಿಸುತ್ತಿದ್ದ.

ಸುದ್ದಿ ಅವನಿಗಿಂತ ಮೊದಲೇ ಹಾಲ್ ತಲುಪಿತ್ತು. ಪಿಟೀಲಿನವಳು ಹಸಿ ಮೊಟ್ಟೆ ಕುಡಿಸಿದಳು. ಪಕ್ಕದ ಮನೆಯಾಕೆ ವಿಸ್ಕಿಗೆ ಜೇನು ಕಲಸಿ ತಂದಳು. ಡ್ರಮ್ಮಿನವನು ಅವನ ಕಾಲುಚೀಲದೊಳಗೆ ಈರುಳ್ಳಿ ಹೋಳು ತುರುಕಿದ. ವೇದಿಕೆ ಹತ್ತುವ ಹೊತ್ತಿಗೆ ಒಂದು ಆಮ್ಲೆಟ್ಟಿಗೆ ಬೇಕಾದದ್ದೆಲ್ಲ ಕ್ಲೀಟಸ್‌ನಲ್ಲೇ ಇತ್ತು.

ಸ್ಟೀಲ್ ಗಿಟಾರಿನ ಓರ್ವಲ್ ಪಿಸುಗುಟ್ಟಿದ: "ಶ್ರುತಿ ಎರಡು ಮನೆ ಇಳಿಸ್ತೀವಿ ಕಣೋ, ಮೇಲಿನ ಸ್ವರ ಸುಲಭವಾಗಿ ಸಿಗುತ್ತೆ. ಕುಣಿಯೋರಿಗೆಲ್ಲಿ ಗೊತ್ತಾಗುತ್ತೆ? ಅರ್ಧ ಜನ ಕಿವಿ ಮೆಷಿನ್ ಮನೇಲೇ ಬಿಟ್ಟು ಬಂದಿದಾರೆ."

"ನನ್ನ ಮರ್ಯಾದೆ?"

"ಅದು ಮೊದಲೇ ಇಳಿದಿದೆ."

ಕ್ಲೀಟಸ್ ಮೈಕ್ ಹಿಡಿದ. "ನಿಂತು ಹಾಡಬೇಡ ಅಂತ ಡಾಕ್ಟರು ಹೇಳಿದ್ರು. ಕೂತೂ ಹಾಡಬೇಡ ಅಂತ ಕೇಳಿದವರು ಹೇಳಿದ್ರು. ಅದಕ್ಕೆ ಒರಗಿಕೊಂಡು ಹಾಡ್ತೀನಿ."

ಜನ ನಕ್ಕರು. ಕೊನೆಯ ಸಾಲು ಬಂತು. ಮೇಲಿನ ಸ್ವರ ಒಡೆಯದೆ ದಾಟಿತು. ಕ್ಲೀಟಸ್ ಟೋಪಿ ಹಿಂದಕ್ಕೆ ತಳ್ಳಿ ಹಲ್ಲು ಬಿಟ್ಟ. ಕುಣಿಯುತ್ತಿದ್ದ ಜೋಡಿಗಳು ನಿಂತುಬಿಟ್ಟವು. ಆನಂದಕ್ಕೆ ನಿಂತಿದ್ದಾರೆ ಎಂದುಕೊಂಡ ಅವನು.

ಆಮೇಲೆ ಬಾಯ್ಡ್ ಹಾಡಿದ. ಬಾಯಲ್ಲಿ ಹೊಸದಾಗಿ ಕಟ್ಟಿಸಿದ ಹಲ್ಲು. ಮೂರು ಕಡೆ ಸ್ವರ ಒಡೆಯಿತು. ಹೆಂಗಸರು ಕರ್ಚೀಫು ತೆಗೆದರು.

"ಭಾನುವಾರ ಬಾಯ್ಡ್‌ಗೆ," ಅಂದಳು ಡಾರ್ಲೀನ್.

"ಮೇಲಿನ ಸ್ವರ ಹಿಡಿದೋನು ನಾನಲ್ವಾ?"

"ಹಿಡಿದ್ರಿ. ಅದೇ ಎಡವಟ್ಟಾಗಿದ್ದು. ಆ ಹಾಡಿನ ಹುಡುಗಿಗೋಸ್ಕರ ನೀವು ಮದುವೇನೇ ಆಗದೆ ಉಳಿದ್ರಿ, ಆ ಸಾಲು ಬಂದಾಗ ಅಳು ತಡೆಯೋಕಾಗಲ್ಲ ಅಂತ ಜನ ನಂಬಿದ್ರು. ಇಪ್ಪತ್ತು ವರ್ಷ ನಿಮ್ಮ ಜೊತೆ ಅತ್ತಿದಾರೆ. ಇವತ್ತು ಹಲ್ಲು ಕಿರಿದುಬಿಟ್ರಿ. ಬೇರೆ ಯಾರೋ ಸಿಕ್ಕಿದಾಳೆ ಅಂತಿದಾರೆ."

ಕ್ಲೀಟಸ್‌ಗೆ ಅಳುವೇ ಬಂತು. ಕೊನೆಗಾಲದಲ್ಲಿ ಅಭ್ಯಾಸ ಮಾಡದೆ ಗಳಿಸಿದ್ದ ಒಂದೇ ವಿದ್ಯೆಯನ್ನು ಅವನೇ ಕೆಡಿಸಿಕೊಂಡಿದ್ದ.

"ಅದು ಅಳುವಲ್ಲ ಕಣಮ್ಮಾ, ಕೆಟ್ಟ ಗಂಟಲು. ಇವತ್ತು ಶ್ರುತಿ ಇಳಿಸಿ ಮೋಸ ಮಾಡಿದೆ. ಓರ್ವಲ್, ಹಳೇ ಶ್ರುತಿ ಕೊಡೋ. ಹೇಗೆ ಒಡೆಯುತ್ತೆ, ಎಲ್ರೂ ಕೇಳಿ."

ಕಣ್ಣು ಮುಚ್ಚಿ ಗಂಟಲು ಹರಿಯುವಂತೆ ಹಾಡಿದ. ಇಪ್ಪತ್ತೈದರ ವಯಸ್ಸಿನಲ್ಲೂ ಬಾರದಿದ್ದ ಸ್ವರ ತುಂಬಿಕೊಂಡು ಹೊರಬಂದು, ಒಂದೂ ಒಡಕಿಲ್ಲದೆ ಹಾಲ್‌ನ ಆ ತುದಿಯವರೆಗೂ ಮೊಳಗಿತು.

ಡಾರ್ಲೀನ್ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಹೇಳಿ ಪರವಾಗಿಲ್ಲ. ಯಾರು ಆಕೆ?"