ಬೀಗರು ಕೇಳಿದ ಬಿದರಿ ವ್ಯಾಗನ್

ಬಿದರಿ ಸಾಮಾನಿನ ಅಂಗಡಿ ಇಟ್ಟುಕೊಂಡು ಕೂತವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಗಿರಾಕಿಗಳೇ ಮೆಟ್ಟಿಲು ಹತ್ತಿ ಬರುತ್ತಾರೆ. ಕರೀ ಲೋಹದ ಮೇಲೆ ಬೆಳ್ಳಿ ಕೂಡಿಸಿದ ಸುರಾಯಿ ನೋಡಿ, "ಇದ್ರಾಗ ಗುಲಾಬಿ ಬಣ್ಣ ಬರ್ತದೇನ್ರಿ?" ಅನ್ನುತ್ತಾರೆ. ಆದರೆ ಹೋದ ವರ್ಷ ಬಂದ ಗಿರಾಕಿ ಬೀಗರಾಗುವವರಿದ್ದರು. ಹಾಗಾಗಿ ನಗು ಸ್ವಲ್ಪ ತಡೆದುಕೊಂಡೆ.

ಬೇಡಿಕೆ

ಮಗಳಿಗೆ ಭಾಲ್ಕಿಯ ಸಂಬಂಧ ಗೊತ್ತಾಗಿತ್ತು. ಹುಡುಗನ ಅಪ್ಪ ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಈಗ ಮಾಳಿಗೆಯ ಮೇಲೆ ಸಣ್ಣ ಹಳಿ ಹಾಸಿ, ತಾವೇ ಮೋಟರ್ ಕೂಡಿಸಿದ ಇಂಜಿನ್ ಓಡಿಸುತ್ತಾರೆ.

"ನಮಗ ಕೊಡೋದು ತಗೊಳೋದು ಏನೂ ಬ್ಯಾಡ ರಿ," ಅಂದರು. ನನ್ನ ಎದೆ ಹಗುರಾಯಿತು. "ಇಂಜಿನ್ ಅದ, ಹಿಂದ ಡಬ್ಬಾ ಇಲ್ಲ. ಬಿದರಿ ಕೆಲಸದಾಗ ಒಂದು ಮಾಲಗಾಡಿ ಡಬ್ಬಾ ಮಾಡಿಸಿ ಕೊಡ್ರಿ. ನಿಶ್ಚಯದ ದಿನ ಅದು ನಮ್ಮ ಹಳಿ ಮ್ಯಾಲ ಓಡಬೇಕು. ಓಡಿದ ಮ್ಯಾಲೇ ಮುಂದಿನ ಕಾರ್ಯ."

"ಇಷ್ಟೇ ಏನ್ರಿ?" ಅಂದೆ. ಅನ್ನಬಾರದಿತ್ತು. ಬಾಗಿಲು ಬದಿಗೆ ಸರಿಯಬೇಕು, ಚಕ್ರಕ್ಕೆ ಒಳಗಡೆ ಅಂಚು ಬೇಕು, ಕೊಂಡಿ ಇಂಜಿನ್ನಿನ ಕೊಂಡಿಗೆ ಸಮ ಬರಬೇಕು, ತಿರುವಿನಲ್ಲಿ ಮಗುಚಬಾರದು ಅಂತ ಚಹಾ ಆರುವ ತನಕ ಹೇಳಿದರು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ಮಗಳು ಅಂದಳು: "ಅಪ್ಪಾ, ನನ್ನ ನೋಡ್ಲಿಕ್ಕ ಬಂದಾಗ ಇಷ್ಟು ಕೇಳಿದ್ದಿಲ್ಲ ಅವರು."

ಡಬ್ಬಾ

ನಮಗೆ ಮಾಲು ಮಾಡಿಕೊಡುವ ಉಸ್ತಾದ್ ಹಳೇ ಊರಿನವನು. ಹುಕ್ಕಾ, ಹೂದಾನಿ, ಡಬ್ಬಾ ಮೂರರಲ್ಲಿ ಅವನನ್ನು ಮೀರಿಸುವವರಿಲ್ಲ. ಫೋನಿನಲ್ಲಿ ಹೇಳಿದೆ: "ಉಸ್ತಾದ್, ಒಂದು ಡಬ್ಬಾ. ಕೆಳಗ ಚಕ್ರ ಇರಬೇಕು."

ತಂದ. ಕೆಲಸ ನೋಡಿದರೆ ಕಣ್ಣು ಕೀಳಲಾಗದು. ಮೇಲೆ ಗುಮ್ಮಟದಂಥ ಮುಚ್ಚಳ, ಒಳಗೆ ಅಡಿಕೆಗೆ ಒಂದು ಮನೆ, ಸುಣ್ಣಕ್ಕೊಂದು, ಕಾಚಿಗೊಂದು.

"ಏನಿದು?"

"ಪಾನ್ ಡಬ್ಬಾ."

"ಪಾನ್ ಡಬ್ಬಾಕ್ಕ ಚಕ್ರ ಯಾಕೋ?"

"ದಾವತ್ ಊಟದಾಗ ಈ ಕಡಿಂದ ಆ ಕಡಿ ಉರುಳಸ್ಲಿಕ್ಕ ಅಂತ ತಿಳದೆ. ತುಮೀಚ್ ಡಬ್ಬಾ ಬೋಲೆ ನಾ ಸೇಟ್!" ಡಬ್ಬಾ ಅಂದವರು ನೀವೇ ತಾನೆ ಅಂತ ನನ್ನ ಮೇಲೇ ಹಾಕಿದ.

ಬೈದು, ಅದನ್ನು ಗಾಜಿನ ಕಪಾಟಿನಲ್ಲಿಟ್ಟೆ. ಮರುದಿನವೇ ಯಾರೋ ಕೊಂಡರು. ಹೋಗುವಾಗ, "ಇಂಥಾದ್ದೇ ಇನ್ನೊಂದು ಮಾಡಸ್ರಿ," ಅಂದರು.

ಸುದ್ದಿ ಕೇಳಿ ಉಸ್ತಾದ್ ಅಂದ: "ಸೇಟ್, ಇನ್ನ ಮ್ಯಾಲ ಎಲ್ಲಾ ಫೋನಿನ್ಯಾಗೇ ಹೇಳ್ರಿ."

ಅಳತೆ

ಈ ಸಲ ಕಣ್ಣಿಗೇ ತೋರಿಸಿಬಿಡೋಣ ಅಂತ ಅವನನ್ನು ಬೀದರ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಒಂದು ಗೂಡ್ಸ್ ಗಾಡಿ ನಿಂತಿತ್ತು. ಉಸ್ತಾದ್ ಟೇಪು ಬಿಚ್ಚಿ ಬಾಗಿಲು ಅಳೆದ, ಬಗ್ಗಿ ಚಕ್ರ ಸವರಿದ, ಕಿವಿ ಇಟ್ಟು ಬೆರಳಿಂದ ತಟ್ಟಿದ. ರೈಲ್ವೆ ಪೊಲೀಸಪ್ಪ ಓಡಿ ಬಂದ.

"ಏನ್ ಅಳೀಲತ್ತೀರಿ?"

"ಇಂಥಾದ್ದೊಂದು ಮಾಡಸ್ಬೇಕಾಗ್ಯದ ರಿ," ಅಂದೆ.

"ವ್ಯಾಗನ್? ಯಾಕ?"

"ಮಗಳ ಮದುವಿ ಅದ ರಿ. ಬೀಗರು ಕೇಳ್ಯಾರ."

ಪೊಲೀಸಪ್ಪ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ನನಗೂ ಇಬ್ಬರು ಹೆಣ್ಣಮಕ್ಕಳು ಅದಾರ ರಿ. ಇಷ್ಟು ದಿನ ಕಾರ್ ಕೇಳ್ತಿದ್ರು. ಈಗ ವ್ಯಾಗನ್ ತನಕ ಬಂತಾ?"

ಓವರ್‌ಲೋಡ್

ನಿಶ್ಚಯದ ದಿನ ಭಾಲ್ಕಿಯ ಮಾಳಿಗೆ ತುಂಬ ಜನ. ವ್ಯಾಗನ್ ಈ ಸಲ ಅಪ್ಪಟ ವ್ಯಾಗನ್ನೇ: ಬೂಟಿನ ಡಬ್ಬಿಯಷ್ಟು ಉದ್ದ, ಸರಿಯುವ ಬಾಗಿಲು, ಕರೀ ಮೈಮೇಲೆ ಬೆಳ್ಳಿ ಬಳ್ಳಿ. ಬೀಗರು ಗಾರ್ಡಿನ ಹಸಿರು ಬಾವುಟ ಹಿಡಿದು ನಿಂತಿದ್ದರು. ಹುಡುಗಿಗೆ ತೊಡಿಸುವ ಉಂಗುರವನ್ನು ವ್ಯಾಗನ್ನಿನೊಳಗೆ ಇಟ್ಟರು. ಗಾಡಿ ಒಂದು ಸುತ್ತು ಹಾಕಿ ಹುಡುಗನ ಮುಂದೆ ನಿಲ್ಲಬೇಕು, ಅವನು ಉಂಗುರ ತೆಗೆದು ತೊಡಿಸಬೇಕು. ಇದು ಅವರ ಏರ್ಪಾಡು.

ಅವರು ಇಂಜಿನ್ ಕಡೆ ತಿರುಗಿದ್ದೇ ತಡ, ಔರಾದ ಕಡೆಯ ಠಾಣಾ ಕುಶನೂರಿಂದ ಬಂದಿದ್ದ ನಮ್ಮ ಅಕ್ಕ ಮುಷ್ಟಿ ಮುಷ್ಟಿ ತೊಗರಿ ಬೇಳೆ ಒಳಗೆ ತುಂಬಿ ಬಾಗಿಲು ಎಳೆದಳು. ಹೆಣ್ಣಿನ ಕಡೆಯಿಂದ ಖಾಲಿ ಪಾತ್ರೆ ಹೋಗಬಾರದು ಅನ್ನುವುದು ನಮ್ಮಲ್ಲಿ ಪದ್ಧತಿ.

ಬೀಗರು ಗುಂಡಿ ಒತ್ತಿದರು. ಇಂಜಿನ್ನಿನ ಚಕ್ರಗಳು ಇದ್ದಲ್ಲೇ ತಿರುಗಿದವು. ವ್ಯಾಗನ್ ಅಲುಗಲಿಲ್ಲ. ಬಾಗಿಲು ಸರಿಸಿ ನೋಡಿದರು.

"ಓವರ್‌ಲೋಡ್ ಅದ. ಮಾಲ್ ಇಳಸ್ರಿ."

"ಕೊಟ್ಟಿದ್ದು ವಾಪಸ್ ತಗೊಳೋದು ನಮ್ಮ ಮನಿತನದಾಗ ಇಲ್ಲ," ಅಂದಳು ಅಕ್ಕ.

"ಅಕ್ಕಾರ, ನೌಕರಿ ಪೂರಾ ಓವರ್‌ಲೋಡ್ ಗಾಡಿ ಬಿಟ್ಟವ ಅಲ್ಲ ನಾ."

"ಜನ್ಮ ಪೂರಾ ಖಾಲಿ ಡಬ್ಬಿ ಕೊಟ್ಟಾಕಿ ಅಲ್ಲ ನಾ."

"ಮೋಟರ್ ಸುಡ್ತದ ರಿ!"

"ಸುಡ್ಲಿ! ಶಕುನ ಕೆಡಬಾರ್ದು."

ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಗಡಿಯಾರ ನೋಡಿ, "ಮುಹೂರ್ತ ಹೊಂಟದ ರಿ," ಅಂದರು. ಹುಡುಗ ತನ್ನ ಅಪ್ಪನ ಮುಖ ನೋಡಿದ. ಮಗಳು ನನ್ನ ಮುಖ ನೋಡಿದಳು. ಇನ್ನೊಂದು ಮಾತು ಹೆಚ್ಚಾದರೆ ಸಂಬಂಧ ಅಲ್ಲಿಗೇ ಮುರಿಯುವ ಹಾಗಿತ್ತು.

ಜಗಳ ಬೇಳೆಯದಲ್ಲ, ಶಬ್ದದ್ದು ಅಂತ ಹೊಳೆಯಿತು. "ಮಾಲ್ ಇಳಸೋದು ಬ್ಯಾಡೇ ಬ್ಯಾಡ," ಅಂದೆ. "ಮಾಲ್ ಊರು ಮುಟ್ಟೇದ. ಬೀಗಿತ್ತಿಯವರು ಡೆಲಿವರಿ ತಗೋಬೇಕು."

ಇಳಿಸಿದರೆ ವಾಪಸಾತಿ, ಡೆಲಿವರಿ ಅಂದರೆ ಸ್ವೀಕಾರ. ಅಕ್ಕ ತಲೆಯಾಡಿಸಿದಳು, ಗಾರ್ಡೂ ತಲೆಯಾಡಿಸಿದರು. ಬೀಗಿತ್ತಿ ಸೆರಗು ಒಡ್ಡಿ ಬೇಳೆ ಸುರಿಸಿಕೊಂಡು, "ಶುಭದ ಬ್ಯಾಳಿ, ಇವತ್ತಿನ ಅಡಗೀಗೇ ಕೂಡಸ್ತೀನಿ," ಅನ್ನುತ್ತ ಸಂಭ್ರಮದಿಂದ ಕೆಳಗಿಳಿದರು.

ಬಿಸಿಯಾದ ಮೋಟರ್ ಆರಿದ ಮೇಲೆ ಹಗುರಾದ ವ್ಯಾಗನ್ ಸರಸರ ಓಡಿತು. ಚಪ್ಪಾಳೆಯೋ ಚಪ್ಪಾಳೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಕೂತೆ. ಗಾಡಿ ಹುಡುಗನ ಮುಂದೆ ನಿಂತಿತು. ಅವನು ಬಾಗಿಲು ಸರಿಸಿ ಒಳಗೆ ಬೆರಳಾಡಿಸಿದ. ಮತ್ತೆ ಆಡಿಸಿದ.

"ಅಪ್ಪಾ, ಉಂಗುರ?"

ಆಗ ಕೆಳಗೆ ಅಡಿಗೆ ಮನೆಯಲ್ಲಿ ಕುಕ್ಕರ್ ಜೋರಾಗಿ ಸಿಳ್ಳೆ ಹೊಡೆಯಿತು. ಬೀಗರ ಕೈ, ಹಳೇ ಅಭ್ಯಾಸ ನೋಡಿ, ಹಸಿರು ಬಾವುಟ ಎತ್ತಿಬಿಟ್ಟಿತು.

ಕುಕ್ಕರ್ ಇಳಿಸಿ, ಬೇಳೆಯಲ್ಲಿ ಸೌಟು ಹಾಕಿ ಹುಡುಕಿ, ಮುಹೂರ್ತ ಮೀರುವ ಮುಂಚೆ ಬೇಳೆ ಅಂಟಿದ್ದ ಬಿಸಿ ಬಿಸಿ ಉಂಗುರ ತಂದು ತೊಡಿಸಿದರು. ಮಗಳು ನನ್ನ ಕಿವಿಯ ಹತ್ತಿರ ಬಗ್ಗಿದಳು. ತವರು ಬಿಡುವ ಸಂಕಟ ಇರಬೇಕು ಅಂದುಕೊಂಡೆ.

"ಅಪ್ಪಾ," ಅಂದಳು, "ಇನ್ನೊಂದು ಸಿಳ್ಳಿ ಆಗಬೇಕಿತ್ತು. ಬ್ಯಾಳಿ ಬೆಂದಿಲ್ಲ."